ಬುಧವಾರದ ಸಂಜೆಗಳಿಗೆ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಹೋದ ವಾರ ನನ್ನ ಪಿಎಚ್‌ಡಿ ವೈವಾ (ಕೊನೆಯ ಮೌಖಿಕ ಪರೀಕ್ಷೆ) ಮುಗೀತು. ಅವತ್ತಿಂದ ಫೋನು, ಮೆಸೇಜು ಬರ್ತಾನೇ ಇದೆ, ಒಬ್ಬೊಬ್ಬರಿಗೂ ಉತ್ತರ ಕೊಡೋಕೆ ಆಗಿಲ್ಲ, ಬೇಜಾರು ಮಾಡ್ಕೋಬೇಡಿ. ಥ್ಯಾಂಕ್ಸ್ ಬರೆಯೋಣ ಅಂತ ಕೂತ್ರೆ ಮೊದಲು ನೆನಪಾಗಿದ್ದು ನಾನು ಬಿಎಸ್ಸಿ ಓದಿದ ಬಸವನಗುಡಿಯ ನ್ಯಾಷನಲ್ ಕಾಲೇಜು.

ನಾನು ಗೌರಿಬಿದನೂರು ಕಡೆಯವಳು, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಪಿಯುಸಿಲಿ ಸೈನ್ಸ್ ತಗೊಂಡಾಗ ಅಲ್ಲಿನ ಲೆಕ್ಚರರ್ ಒಬ್ಬರು ಎಲ್ಲರೆದುರು ಎದ್ದು ನಿಲ್ಲಿಸಿ, ಇದೆಲ್ಲ ನಿನ್ನ ಕೈಲಾಗಲ್ಲ ಆರ್ಟ್ಸ್‌ಗೆ ಹೋಗು ಅಂದಿದ್ರು. ಆಮೇಲೆ ಎರಡು ವರ್ಷ ಕ್ಲಾಸಲ್ಲಿ ನಾನು ಬಾಯೇ ಬಿಡ್ಲಿಲ್ಲ. ಬಿಎಸ್ಸಿಗೆ ಬಂದೆ, ಮೊದಲ ಸೆಮಿಸ್ಟರ್‌ನಲ್ಲೇ ಮ್ಯಾಥ್ಸ್ ಹೋಯ್ತು. ಗಂಟುಮೂಟೆ ಕಟ್ಟಿ ಊರಿಗೆ ಹೋಗೋದೇ ಸರಿ ಅನ್ಕೊಂಡಿದ್ದೆ.

ಫಿಸಿಕ್ಸ್ ಮೇಡಂಗೆ ಹೇಳಿ ಹೋಗೋಣ ಅಂತ ಹೋದ್ರೆ ಅವರು ಕೂರಿಸ್ಕೊಂಡು ಎಚ್. ನರಸಿಂಹಯ್ಯನವರ ಕಥೆ ಶುರು ಮಾಡಿದ್ರು. ನಮ್ಮದೇ ತಾಲ್ಲೂಕಿನ ಹೊಸೂರಿನವರು, 1935ರಲ್ಲಿ ಊರಿಂದ ಬೆಂಗಳೂರಿಗೆ ನಡ್ಕೊಂಡೇ ಬಂದು ಇಲ್ಲಿ ನ್ಯಾಷನಲ್ ಹೈಸ್ಕೂಲು ಸೇರಿದವರು, ಆಮೇಲೆ ಇದೇ ಕಾಲೇಜಲ್ಲಿ ಫಿಸಿಕ್ಸ್ ಮೇಷ್ಟ್ರಾಗಿ, ಅಮೆರಿಕದ ಓಹಿಯೋ ಸ್ಟೇಟ್ ಯೂನಿವರ್ಸಿಟಿಲಿ ಡಾಕ್ಟರೇಟ್ ಮಾಡಿ ವಾಪಸ್ ಬಂದು ಪ್ರಿನ್ಸಿಪಾಲ್, ಮುಂದೆ ಬೆಂಗಳೂರು ಯೂನಿವರ್ಸಿಟಿಗೆ ವೈಸ್ ಚಾನ್ಸಲರ್, ಇಷ್ಟೆಲ್ಲಾ ಆದ್ರೂ ಬದುಕಿನ ಬಹುಪಾಲು ಇದ್ದಿದ್ದು ಹಾಸ್ಟೆಲ್ ರೂಮಲ್ಲೇ. ನಾನು ಅವರನ್ನ ನೋಡಿಲ್ಲ, 2005ರಲ್ಲೇ ಹೋಗ್ಬಿಟ್ರು. ಅವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ಮಾತ್ರ ಇತ್ತಲ್ಲ, ಕಾಲೇಜಲ್ಲೇ ಬುಧವಾರ ಸಂಜೆ ಎಲ್ಲರಿಗೂ ವಿಜ್ಞಾನದ ಉಪನ್ಯಾಸ ಇಡೋ ಸಂಸ್ಥೆ. ಬುಧವಾರ ಸಂಜೆ ಬಂದು ಸುಮ್ನೆ ಕೂತ್ಕೋಮ್ಮ, ಆಮೇಲೆ ಊರಿಗೆ ಹೋಗೋದು ಇದ್ದೇ ಇದೆ ಅಂದ್ರು ಮೇಡಂ.

ಹೋದೆ. ಅಟೆಂಡೆನ್ಸ್ ಇಲ್ಲ, ಮಾರ್ಕ್ಸ್ ಇಲ್ಲ, ಪಕ್ಕದಲ್ಲಿ ರಿಟೈರ್ ಆದ ತಾತ, ಮುಂದಿನ ಸಾಲಲ್ಲಿ ಸ್ಕೂಲ್ ಯೂನಿಫಾರ್ಮ್ ಹುಡುಗ, ಎಲ್ಲರೂ ಬರೀ ತಿಳ್ಕೊಳ್ಳೋಕೆ ಬಂದವರು. ಓದು ಅಂದ್ರೆ ಹೀಗೂ ಇರುತ್ತಾ ಅನ್ನಿಸಿದ್ದು ಅವತ್ತೇ.

ಇನ್ನೊಬ್ಬರು ನಮ್ಮ ಲ್ಯಾಬ್ ಅಟೆಂಡರ್ ಅಣ್ಣ. ಸೋಡಿಯಂ ಲ್ಯಾಂಪ್ ಹಾಕಿದ ತಕ್ಷಣ ಕೆಲಸಕ್ಕೆ ಬರಲ್ಲ, ಮೊದಲು ಕೆಂಪಗೆ ಹತ್ಕೊಂಡು ನಿಧಾನಕ್ಕೆ ಹಳದಿಗೆ ತಿರುಗುತ್ತೆ. ನಾನು ನಿಧಾನ ಅಂತ ಅವರಿಗೆ ಗೊತ್ತಿತ್ತು, ನಾನು ಬರೋಷ್ಟೊತ್ತಿಗೆ ಲ್ಯಾಂಪ್ ಹಾಕಿ ಇಟ್ಟಿರ್ತಿದ್ರು, ಎಲ್ಲರೂ ಹೋದ್ಮೇಲೂ ಬೀಗದ ಕೈ ಹಿಡ್ಕೊಂಡು ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತಿರ್ತಿದ್ರು. ಒಂದಿನ ಗ್ರೇಟಿಂಗ್ (ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸೋ, ಒತ್ತೊತ್ತಾಗಿ ಗೆರೆ ಕೊರೆದ ಗಾಜು) ಇಟ್ಟು, ಬೆಳಕು ಬರೋ ಸ್ಲಿಟ್ ಸಣ್ಣ ಮಾಡಿ, ಸೆಕೆಂಡ್ ಆರ್ಡರ್‌ಗೆ ಟೆಲಿಸ್ಕೋಪ್ ತಿರುಗಿಸಿದೆ, ಅಲ್ಲಿ ಬೆಳಕು ಇನ್ನೂ ಅಗಲವಾಗಿ ಬಿಡಿಸ್ಕೊಳ್ಳುತ್ತೆ. ಅಲ್ಲೀವರೆಗೂ ಒಂದೇ ಅನ್ಕೊಂಡಿದ್ದ ಹಳದಿ ಗೆರೆ ಎರಡಾಗಿ ನಿಂತಿತ್ತು, ಒಂದು 5890 ಆಂಗ್‌ಸ್ಟ್ರಾಂ, ಇನ್ನೊಂದು 5896 (ಬೆಳಕಿನ ತರಂಗಾಂತರದ ಅಳತೆ ಅದು). ಅಣ್ಣ ಬಂದು ನೋಡಿ ಅಂತ ಕೂಗಿದೆ. ಅವರೂ ಕಣ್ಣಿಟ್ಟು ನೋಡಿ, ಹೌದು ಕಣಮ್ಮ, ಎರಡಿದೆ, ಯಾಕಂತೆ? ಅಂದ್ರು. ನನಗೆ ಗೊತ್ತಿರ್ಲಿಲ್ಲ.

ಆ 'ಯಾಕಂತೆ'ನ ಬುಧವಾರದ ಉಪನ್ಯಾಸಕ್ಕೆ ತಗೊಂಡು ಹೋದೆ. ಪ್ರಶ್ನೆ ಕೇಳೋ ಹೊತ್ತಲ್ಲಿ ಕೈ ಎತ್ತಿದೆ, ಕಾಲು ನಡುಗ್ತಿತ್ತು, ಇಂಗ್ಲಿಷ್ ಬರ್ಲಿಲ್ಲ, ಕನ್ನಡದಲ್ಲೇ ಕೇಳಿದೆ. ಮಾತಾಡೋಕೆ ಬಂದಿದ್ದ ವಿಜ್ಞಾನಿ ನಗ್ಲಿಲ್ಲ. ಬೋರ್ಡ್ ಹತ್ರ ಹೋಗಿ ಗೆರೆ ಎರಡಾಗೋಕೆ ಕಾರಣವಾದ ಎಲೆಕ್ಟ್ರಾನ್ ಸ್ಪಿನ್ (ಎಲೆಕ್ಟ್ರಾನ್‌ಗೆ ತಾನಾಗೇ ಇರೋ ಒಂಥರಾ ತಿರುಗೋ ಗುಣ) ಬಗ್ಗೆ ಚಿತ್ರ ಬರೆದು ಕನ್ನಡದಲ್ಲೇ ವಿವರಿಸಿದ್ರು, ಸಭೆ ಮುಗಿದ್ಮೇಲೂ ಹತ್ತು ನಿಮಿಷ ನಿಂತು ಮಾತಾಡಿದ್ರು. ಮ್ಯಾಥ್ಸ್ ಪೇಪರ್ ಮುಂದಿನ ಸಲ ಪಾಸಾಯ್ತು. ಥೀಸಿಸ್ ಮಾಡಿದ್ದೂ ಸ್ಪೆಕ್ಟ್ರೋಸ್ಕೋಪಿಲೇ, ಅಂದ್ರೆ ಬೆಳಕನ್ನ ಹೀಗೆ ಬಿಡಿಸಿ ನೋಡೋ ವಿದ್ಯೆಲೇ.

ಮೇಡಂ, ಅಟೆಂಡರ್ ಅಣ್ಣ, ಆ ವಿಜ್ಞಾನಿ, ಹಾಸ್ಟೆಲ್ ಫ್ರೆಂಡ್ಸ್, ಫೀಸ್ ಕಟ್ಟೋಕೆ ಹಸು ಮಾರಿ ನನಗೆ ಹೇಳದೇ ಇದ್ದ ಅಪ್ಪ, ನಿಮ್ಮೆಲ್ಲರ ಋಣ ತೀರಿಸೋಕೆ ಆಗಲ್ಲ. ಮುಂದಿನ ಬುಧವಾರ ಅಪ್ಪನ್ನ ಟ್ರೈನಲ್ಲಿ ಕರ್ಕೊಂಡು ಬರ್ತಿದೀನಿ, ನಾನು ಕೂತು ಕೇಳ್ತಿದ್ದ ಜಾಗ ಅವರು ಒಂದು ಸಲ ನೋಡ್ಬೇಕಂತೆ. ಆ ಕಡೆ ಇರೋರು ಬನ್ನಿ, ಬಲಗಡೆ ಹಿಂದಿನ ಸಾಲಲ್ಲಿ ಇರ್ತೀವಿ.