ಆಸ್ಪತ್ರೆಯ ನಕ್ಷೆ ಬರೆಯುವ ಮೊದಲು ನಮ್ಮನ್ನೂ ಕೇಳಿ: ಉತ್ತರ ಕನ್ನಡದ ನಿವಾಸಿಗಳ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ವಿಷಯ: ಜಿಲ್ಲೆಗೆ ಬೇಕಿರುವ ಹೊಸ ಸರ್ಕಾರಿ ಆಸ್ಪತ್ರೆಯ ಜಾಗ ಮತ್ತು ಸೌಲಭ್ಯ ತೀರ್ಮಾನಿಸುವ ಮೊದಲು ಎಲ್ಲ ತಾಲೂಕುಗಳ ಜನರ ಮಾತು ಕೇಳುವ ಬಗ್ಗೆ

ಮಾನ್ಯರೇ,

ಆಸ್ಪತ್ರೆ ಬೇಕು ಅನ್ನೋ ಮನವಿ ನಿಮ್ಮ ಕಚೇರಿಗೆ ಹೊಸದಲ್ಲ. ಅಂಥ ಕಾಗದ ಎಷ್ಟು ಬಂದಿವೆ ಅನ್ನೋದು ನಿಮ್ಮ ಕಡತಗಳಿಗೇ ಗೊತ್ತು. ಹಾಗಾಗಿ ಬೇಕೋ ಬೇಡವೋ ಎಂದು ಇಲ್ಲಿ ಮತ್ತೆ ವಾದಿಸುವುದಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರಲ್ಲ, ಆ ವಿಡಿಯೊ ನೋಡಿದ ಮೇಲೆ ವಾದಕ್ಕೆ ಏನು ಉಳಿದಿದೆ? ನಮ್ಮ ಕೇಳಿಕೆ ಬೇರೆ. ಎಲ್ಲಿ ಕಟ್ಟಬೇಕು, ಒಳಗೆ ಏನೇನು ಇರಬೇಕು, ರಾತ್ರಿ ಯಾರು ಇರಬೇಕು ಅನ್ನೋದನ್ನು ಮುಚ್ಚಿದ ಬಾಗಿಲ ಹಿಂದೆ ತೀರ್ಮಾನ ಮಾಡಬೇಡಿ. ಮೊದಲು ನಮ್ಮನ್ನು ಕೇಳಿ.

ಜಾಗದ ವಿಷಯ ಮೊದಲು ಹೇಳಿಬಿಡುತ್ತೇವೆ, ಯಾಕೆಂದರೆ ಜಗಳ ಇರೋದೇ ಅಲ್ಲಿ. ಕುಮಟಾ ಅಂತ ಕೆಲವರು, ಶಿರಸಿ ಅಂತ ಕೆಲವರು, ಕಾರವಾರದಲ್ಲಿ 2013ರಲ್ಲೇ ವೈದ್ಯಕೀಯ ಕಾಲೇಜು ಬಂದಿದೆ, ಅದನ್ನೇ ಬೆಳೆಸಿ ಅಂತ ಇನ್ನು ಕೆಲವರು. ನಿಜ ಹೇಳಬೇಕೆಂದರೆ ಈ ಪತ್ರಕ್ಕೆ ಸಹಿ ಹಾಕಿದವರಲ್ಲೇ ಒಮ್ಮತ ಇಲ್ಲ. ಆದರೆ ಒಂದು ಮಾತಿಗೆ ಎಲ್ಲರೂ ಒಪ್ಪಿದ್ದೇವೆ: ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಡಿಯಾರದಲ್ಲಿ ಅಳೆಯಿರಿ. ಅದೂ ಮಳೆಗಾಲದ ಗಡಿಯಾರದಲ್ಲಿ.

ನಕ್ಷೆಯಲ್ಲಿ ಶಿರಸಿಗೂ ಕುಮಟಾಕ್ಕೂ ಹೆಚ್ಚೇನೂ ದೂರವಿಲ್ಲ. ನಡುವೆ ದೇವಿಮನೆ ಘಟ್ಟ ಇದೆ. ಯಲ್ಲಾಪುರದವರಿಗೆ ಅರಬೈಲ್ ಘಟ್ಟ, ಜೋಯಿಡಾದವರಿಗೆ ಅಣಶಿ ಘಟ್ಟ. ಜುಲೈ ತಿಂಗಳಲ್ಲಿ ಈ ತಿರುವುಗಳಲ್ಲಿ ಆಂಬುಲೆನ್ಸ್ ಒಳಗೆ ಕೂತವರನ್ನು ಕೇಳಿ. ಬಾಟಲಿ ತೂಗುಹಾಕಿದ ಕೊಕ್ಕೆ ಅಲ್ಲಾಡಿ ಡ್ರಿಪ್ ನಿಂತುಹೋಗುತ್ತದೆ ಅಂತ ರೋಗಿಯ ಅಣ್ಣನೋ ತಮ್ಮನೋ ಅದನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಘಟ್ಟ ಇಳಿಯುತ್ತಾನೆ. ಮುಂದಿನ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆಯಾ ಅಂತ ಕೇಳೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ಎದುರಿಗೆ ಒಂದು ಮರ ಬಿದ್ದರೆ ಅಲ್ಲಿಗೆ ಮುಗಿಯಿತು. ಕರಾವಳಿಯ ಹೆದ್ದಾರಿ ಸಲೀಸು ಅಂತ ಹೇಳುವ ಹಾಗೂ ಇಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಎಷ್ಟೋ ದಿನ ಬಂದ್ ಆಗಿತ್ತು. ಆ ದಿನಗಳಲ್ಲಿ ಅಂಕೋಲಾದ ಆಚೆಗಿನವರಿಗೆ ಕಾರವಾರ ಇದ್ದೂ ಇಲ್ಲದ ಹಾಗೆ.

ಆದ್ದರಿಂದ ಒಂದು ಕೆಲಸ ಮಾಡಿ. 108ರ ದಾಖಲೆ ತೆಗೆಸಿ. ಕಳೆದ ಕೆಲವು ಮಳೆಗಾಲಗಳಲ್ಲಿ ಯಾವ ಊರಿನಿಂದ ಕರೆ ಬಂತು, ಗಾಡಿ ಯಾವಾಗ ಹೊರಟಿತು, ಯಾವಾಗ ತಲುಪಿತು, ಅಲ್ಲಿಂದ ಎಲ್ಲಿಗೆ ಕಳಿಸಿದರು, ಇಷ್ಟೂ ಬರೆದಿಟ್ಟಿರುತ್ತಾರೆ ಅಲ್ವಾ? ರೋಗಿಗಳ ಹೆಸರು ಬಿಟ್ಟು ಆ ಲೆಕ್ಕವನ್ನು ಪಂಚಾಯಿತಿ ಬೋರ್ಡಿಗೆ ಹಾಕಿ. ಆಮೇಲೆ ಜಾಗದ ಚರ್ಚೆ ಮಾಡೋಣ. ಆಗ ಶಾಸಕರು ಯಾವ ಊರಿನವರು ಅನ್ನೋದಕ್ಕಿಂತ ಆ ಅಂಕಿಗಳು ಜೋರಾಗಿ ಮಾತಾಡುತ್ತವೆ.

ಜಾಗಕ್ಕೇ ಸೇರಿದ ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಬಹುಪಾಲು ಕಾಡು. ಅರಣ್ಯ ಜಾಗ ತೋರಿಸಿದರೆ ಅನುಮತಿಗೇ ವರ್ಷಗಟ್ಟಲೆ ಹೋಗುತ್ತದೆ, ಖಾಸಗಿ ಜಮೀನು ತೋರಿಸಿದರೆ ಜನ ಹೆದರುತ್ತಾರೆ. ಹೆದರಿಕೆಗೆ ಕಾರಣ ಇದೆ. ಕಾಳಿ ನದಿಯ ಅಣೆಕಟ್ಟೆಗಳು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಎಲ್ಲದಕ್ಕೂ ಮನೆ ಬಿಟ್ಟುಕೊಟ್ಟವರು ಇಲ್ಲಿಯವರೇ. ಹಾಗಾಗಿ ನೋಡಿರುವ ಜಾಗಗಳ ಸರ್ವೆ ನಂಬರ್ ಸಮೇತ ಪಟ್ಟಿಯನ್ನು ಮೊದಲೇ ಹೊರಗಿಡಿ. ದಲ್ಲಾಳಿಗಳಿಗೆ ಗೊತ್ತಾದ ಮೇಲೆ ನಮಗೆ ಗೊತ್ತಾಗುವುದು ಬೇಡ.

ಇನ್ನು ಒಳಗೆ ಏನಿರಬೇಕು ಅನ್ನೋದು. 'ಸೂಪರ್ ಸ್ಪೆಷಾಲಿಟಿ' ಅನ್ನೋ ಬೋರ್ಡಿನ ಮೇಲೆ ನಮಗೆ ಅಂಥ ಮೋಹ ಇಲ್ಲ. ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿ ಬಿದ್ದು ತಲೆಗೆ ಪೆಟ್ಟಾದವನು ಬಂದರೆ ಸಿ.ಟಿ. ಸ್ಕ್ಯಾನ್ ಮಾಡುವವರು ಇರಬೇಕು, ಅರಿವಳಿಕೆ ಕೊಡುವವರು ಇರಬೇಕು, ಆಪರೇಷನ್ ಮಾಡುವವರು ಇರಬೇಕು, ರಕ್ತ ಸಿಗಬೇಕು. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಮತ್ತೆ ಅದೇ ಚೀಟಿ, 'ಮುಂದಕ್ಕೆ ಕರೆದುಕೊಂಡು ಹೋಗಿ'. ಮುಂದಕ್ಕೆ ಅಂದರೆ ಕುಮಟಾದವರಿಗೆ ಸುಮಾರು 140 ಕಿ.ಮೀ. ದೂರದ ಮಣಿಪಾಲ, ಶಿರಸಿಯವರಿಗೆ 100 ಕಿ.ಮೀ. ಆಚೆಯ ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. 2011ರ ಜನಗಣತಿಯಲ್ಲೇ 14 ಲಕ್ಷ ದಾಟಿದ್ದ ಜಿಲ್ಲೆ ಇದು.

ಇಲ್ಲಿಯ ಕಾಯಿಲೆಗಳೂ ಸ್ವಲ್ಪ ಬೇರೆ. ಪಕ್ಕದ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳನ್ನು ಇನ್ನೂ ಬಿಟ್ಟಿಲ್ಲ. ದರಕು, ಅಂದರೆ ಒಣಗಿದ ಎಲೆ, ತರಲು ಬೆಟ್ಟಕ್ಕೆ ಹೋದವರಿಗೆ ಉಣುಗು (ಉಣ್ಣೆ ಹುಳು) ಕಚ್ಚುತ್ತದೆ, ಜ್ವರ ಬರುತ್ತದೆ. ಅದಕ್ಕೆ ಇಲ್ಲೇ ಪರೀಕ್ಷೆ, ಇಲ್ಲೇ ಐಸಿಯು ಬೇಕು. ಹಾವು ಕಡಿತ, ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ದೋಣಿಯಲ್ಲಿ ಪೆಟ್ಟು ಮಾಡಿಕೊಂಡವರು, ಇವರ ಲೆಕ್ಕ ಬೆಂಗಳೂರಿನಲ್ಲಿ ಕೂತು ನಕ್ಷೆ ಬರೆಯುವ ಕನ್ಸಲ್ಟೆಂಟಿಗೆ ಗೊತ್ತಿರಲು ಸಾಧ್ಯವೇ? ಗೊತ್ತಿಲ್ಲದ್ದು ಅವರ ತಪ್ಪಲ್ಲ. ಕೇಳದೇ ಇದ್ದರೆ ತಪ್ಪು.

ಯಾರನ್ನು ಕೇಳಬೇಕು? ಸಮಿತಿ ಅಂದ ಕೂಡಲೇ ಮುಂದಿನ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಅವರೂ ಇರಲಿ, ಬೇಡ ಅನ್ನುವುದಿಲ್ಲ. ಜೊತೆಗೆ ಆಶಾ ಕಾರ್ಯಕರ್ತೆಯರು, 108ರ ಚಾಲಕರು, ಡಯಾಲಿಸಿಸ್‌ಗೆ ವಾರ ವಾರ ಬಸ್ಸಿನಲ್ಲಿ ಓಡಾಡುವವರು, ತಾಲೂಕು ಆಸ್ಪತ್ರೆಯ ನರ್ಸ್‌ಗಳು ಇರಬೇಕು. ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ ಸಮುದಾಯದ ಹೆಂಗಸರು ಇರಬೇಕು. ಮಳೆಗಾಲದಲ್ಲಿ ಕಾಲುಸಂಕ ಕೊಚ್ಚಿಹೋದರೆ ಬಸುರಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವ ಊರುಗಳು ಇನ್ನೂ ಇವೆ. ಆ ಊರಿನವರಿಗೆ ದೊಡ್ಡ ಆಸ್ಪತ್ರೆಗಿಂತ ಮೊದಲು, ದಿನ ತುಂಬಿದವರು ಒಂದು ವಾರ ಮುಂಚೆಯೇ ಬಂದು ಉಳಿಯುವ ಕೋಣೆ ಮುಖ್ಯ ಆಗಿರಬಹುದು. ರೋಗಿಯ ಜೊತೆಗೆ ಬಂದವರಿಗೆ ಮಲಗಲು ಜಾಗ, ಗಂಜಿ ಬೇಯಿಸಿಕೊಳ್ಳಲು ಒಂದು ಒಲೆ, ಇದನ್ನೂ ನಕ್ಷೆಯಲ್ಲೇ ಬರೆಯಿರಿ. ಆಮೇಲೆ ವರಾಂಡದಲ್ಲಿ ಮಲಗಿದರು ಅಂತ ಬೈಯುವುದು ಬೇಡ.

ಸಭೆ ಇಡುವಾಗ ಹೊತ್ತು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನುಗಾರರು ಆಗ ಬರುತ್ತಾರೆ. ಅದೇ ಹೊತ್ತಿನಲ್ಲಿ ಘಟ್ಟದ ಮೇಲೆ ನಾಟಿ, ಅಲ್ಲಿಯವರು ಬರೋದಿಲ್ಲ. ಅಡಿಕೆ ಕೊಯ್ಲಿನಲ್ಲಿ ಕರೆದರೂ ಅಷ್ಟೇ. ಕಾರವಾರದಲ್ಲಿ ಒಂದೇ ಸಭೆ ಮಾಡಿ, ಪೇಪರಿನ ಮೂಲೆಯಲ್ಲಿ ಪ್ರಕಟಣೆ ಹಾಕಿ, ಜನರ ಅಭಿಪ್ರಾಯ ಪಡೆದೆವು ಅಂತ ಸುಮ್ನೆ ಬರೆದುಕೊಂಡರೆ ನಾವು ಒಪ್ಪುವುದಿಲ್ಲ. ತಾಲೂಕಿಗೆ ಒಂದಾದರೂ ಸಭೆ ಬೇಕು, ಸಂತೆಯ ದಿನ ಆದರೆ ಒಳ್ಳೆಯದು. ಯೋಜನಾ ವರದಿಯ ಕರಡು ಕನ್ನಡದಲ್ಲಿ ಬೇಕು. ಜನರಿಗೆ ತಟ್ಟುವ ತೀರ್ಮಾನಗಳ ಸಂಗತಿಯನ್ನು ತಾವಾಗಿ ಪ್ರಕಟಿಸಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಹೇಳುತ್ತದೆ. ಅರ್ಜಿ ಹಾಕಿ ಮೂವತ್ತು ದಿನ ಕಾಯಿಸಬೇಡಿ.

ಕೊನೆಗೆ ವೈದ್ಯರ ವಿಷಯ. ಇಲ್ಲಿಗೆ ತಜ್ಞರು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ ಅಂತ ಪ್ರತಿ ಸಲ ಕೇಳುತ್ತೇವೆ. ಹೌದು, ವಾಸಕ್ಕೆ ಸರಿಯಾದ ಮನೆ ಇಲ್ಲದೆ, ಒಬ್ಬರೇ ಹಗಲು ರಾತ್ರಿ ದುಡಿಯಬೇಕಾದರೆ ಯಾರು ನಿಲ್ಲುತ್ತಾರೆ? ವಸತಿಗೃಹ ಕಟ್ಟಡದ ಜೊತೆಗೇ ಆಗಬೇಕು, ಎರಡನೇ ಹಂತಕ್ಕೆ ಅಂತ ತಳ್ಳಬೇಡಿ. ಒಂದೊಂದು ವಿಭಾಗಕ್ಕೆ ಒಬ್ಬರ ಬದಲು ಸರದಿಯಲ್ಲಿ ನೋಡುವಷ್ಟು ಹುದ್ದೆಗಳು ಮಂಜೂರಾಗಬೇಕು. ಹುದ್ದೆ ಮಂಜೂರಾಗದೆ ಶಂಕುಸ್ಥಾಪನೆ ಇಟ್ಟರೆ ನಾವು ಆ ಕಾರ್ಯಕ್ರಮಕ್ಕೆ ಬರುವುದಿಲ್ಲ, ಈಗಲೇ ಹೇಳಿದ್ದೇವೆ.

ಮೊದಲ ಸಭೆ ಯಾವ ತಾಲೂಕಿನಲ್ಲಿ, ಯಾವ ದಿನ ಅನ್ನೋದನ್ನು ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಿ. ಜಾಗ ಮಾಡಿಕೊಡುವುದು, ಜನ ಸೇರಿಸುವುದು, ಕೊಂಕಣಿ, ಮರಾಠಿ ಮಾತಾಡುವವರಿಗೆ ಅರ್ಥ ಮಾಡಿಸುವುದು ನಮ್ಮ ಪಾಲಿಗಿರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಕುಮಟಾ, ಹೊನ್ನಾವರ, ಅಂಕೋಲಾ, ಶಿರಸಿ, ಸಿದ್ದಾಪುರ ಭಾಗದ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ಕಾರವಾರ