ಹಳೆ ಸೆಡಾನ್‌ಗೆ ಹೈಬ್ರಿಡ್ ಎಂಜಿನ್: ಮೊದಲು ಆಯಿಲ್ ದಾರಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹೈಬ್ರಿಡ್ ಅಂದ ಕೂಡಲೇ ಈಗ ಎಲ್ಲರಿಗೂ ನೆನಪಾಗುವುದು ಬ್ಯಾಟರಿ ಮತ್ತು ಮೋಟಾರು. ಹಳೆ ಹೋಂಡಾ ಎಂಜಿನ್ ಕಟ್ಟುವವರ ಬಾಯಲ್ಲಿ ಆ ಮಾತಿಗೆ ಬೇರೆಯೇ ಅರ್ಥವಿದೆ. ಒಂದು ಎಂಜಿನ್ನಿನ ಬ್ಲಾಕ್ (ಸಿಲಿಂಡರ್ ಇರುವ ಕೆಳಭಾಗ) ಮೇಲೆ ಇನ್ನೊಂದರ ಹೆಡ್ (ವಾಲ್ವ್ ಇರುವ ಮೇಲ್ಭಾಗ) ಕೂರಿಸಿದರೆ ಅದು ಹೈಬ್ರಿಡ್. 1990ರ ದಶಕದ ಸಿವಿಕ್ ಸೆಡಾನ್‌ಗೆ ಇಂಥ ಎಂಜಿನ್ ಹಾಕಿ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸಿ ಮ್ಯಾನುಯಲ್ ಏರಿಸುವವರು ಇಂದಿಗೂ ಇದ್ದಾರೆ. ವಾಹನ ಪುಟಗಳಲ್ಲಿ ಇದರ ಬಗ್ಗೆ ಬರುವ ಬರಹಗಳು ಅಶ್ವಶಕ್ತಿಯ ಲೆಕ್ಕ ಹೇಳಿ ಮುಗಿದುಬಿಡುತ್ತವೆ. ಆಯಿಲ್ ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ತೂತು ಮುಚ್ಚಬೇಕು, ಎಷ್ಟು ಆರ್‌ಪಿಎಂಗೆ ನಿಲ್ಲಿಸಬೇಕು ಎಂಬುದನ್ನು ಯಾರೂ ಬರೆಯುವುದಿಲ್ಲ. ಕಟ್ಟಿದ ಎಂಜಿನ್ ಸಾಯುವುದು ಮಾತ್ರ ಅಲ್ಲೇ. ಅದಕ್ಕಾಗಿ ಈ ಪತ್ರ.

ಹೆಚ್ಚಾಗಿ ಕಟ್ಟುವ ಜೋಡಿ ಎಂದರೆ ಹೋಂಡಾದ ಇನ್ನೊಂದು ಕಾರು ಇಂಟೆಗ್ರಾದ ಬಿ18ಬಿ ಎಂಜಿನ್ನಿನ ಬ್ಲಾಕ್ ಮತ್ತು ಬಿ16ಎ ಎಂಜಿನ್ನಿನ ವಿಟೆಕ್ ಹೆಡ್. ಆರ್‌ಪಿಎಂಗೆ ತಕ್ಕಂತೆ ವಾಲ್ವ್ ತೆರೆಯುವ ರೀತಿ ಬದಲಿಸುವ ಹೋಂಡಾ ವ್ಯವಸ್ಥೆಯೇ ವಿಟೆಕ್. ಎರಡೂ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 81 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) ಬೇರೆ: ಬಿ16ಎಯದು 77.4, ಬಿ18ಬಿಯದು 89 ಮಿ.ಮೀ. ಹೀಗೆ 1,595 ಸಿಸಿ ಎಂಜಿನ್ನಿನ ಉಸಿರಾಟ 1,834 ಸಿಸಿಗೆ ಸಿಗುತ್ತದೆ. ಕಡಿಮೆ ಆರ್‌ಪಿಎಂನಲ್ಲಿ ಎಳೆತ, ಮೇಲೆ ಹೋದಂತೆ ಓಟ, ಎರಡೂ ಬರುತ್ತವೆ. ಆಸೆ ಹುಟ್ಟುವುದು ಸಹಜ.

ತೊಡಕು ಆಯಿಲಿನದು. ವಿಟೆಕ್ ಹೆಡ್‌ನಲ್ಲಿ ಪ್ರತಿ ಜೋಡಿ ವಾಲ್ವ್‌ಗೆ ಮೂರು ಕ್ಯಾಮ್ ಲೋಬ್ (ವಾಲ್ವ್ ತೆರೆಸುವ ಉಬ್ಬು), ಮೂರು ರಾಕರ್ (ಆ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ತೋಳು) ಇರುತ್ತವೆ. ಕೆಳಗಿನ ಆರ್‌ಪಿಎಂನಲ್ಲಿ ಹೊರಗಿನ ಎರಡು ಲೋಬ್ ಕೆಲಸ ಮಾಡುತ್ತವೆ. ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ಆಯಿಲ್ ಕವಾಟ) ತೆರೆದಾಗ ಆಯಿಲ್ ಒತ್ತಡವು ರಾಕರ್‌ಗಳೊಳಗಿನ ಪಿನ್‌ಗಳನ್ನು ತಳ್ಳಿ ಮೂರನ್ನೂ ಬೆಸೆಯುತ್ತದೆ. ಆಗ ನಡುವಿನ ಎತ್ತರದ ಲೋಬ್ ವಾಲ್ವ್‌ಗಳನ್ನು ಆಡಿಸುತ್ತದೆ. ಬಿ18ಬಿ ವಿಟೆಕ್ ಇಲ್ಲದ ಎಂಜಿನ್. ಅದರ ಬ್ಲಾಕಿನಲ್ಲಿ ಈ ಆಯಿಲಿಗೆ ದಾರಿಯೇ ಕೊರೆದಿಲ್ಲ. ಹೆಡ್ಡಿನ ತಳದಲ್ಲಿ ಮಾತ್ರ ಆ ಆಯಿಲ್ ಏರಿಬರಬೇಕಾದ ತೂತು ಬಾಯಿ ತೆರೆದುಕೊಂಡಿರುತ್ತದೆ.

ಆ ತೂತಿಗೆ ಟ್ಯಾಪ್ ಹೊಡೆದು (ಒಳಗೆ ಥ್ರೆಡ್ ಕತ್ತರಿಸಿ), ಥ್ರೆಡ್ ಲಾಕರ್ ಹಚ್ಚಿದ ಪ್ಲಗ್ ಕೂರಿಸಬೇಕು. ಪ್ಲಗ್ಗಿನ ತಲೆ ಹೆಡ್ಡಿನ ಮೈಗಿಂತ ಕೂದಲೆಳೆಯಷ್ಟೂ ಮೇಲೆ ನಿಲ್ಲಬಾರದು. ನಿಂತರೆ ಗ್ಯಾಸ್ಕೆಟ್ ಆ ಮೂಲೆಯಲ್ಲಿ ಒತ್ತುವುದಿಲ್ಲ. ಸ್ಟ್ರೇಟ್ ಎಡ್ಜ್ ಅಡ್ಡ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಬಳಿಕ ಹೆಡ್ಡಿನ ಹೊರಮೈಯಿಂದ ಅದೇ ನಾಳಕ್ಕೆ ಕೊರೆದು ಫಿಟ್ಟಿಂಗ್ ಹಾಕಬೇಕು. ಬ್ಲಾಕಿನ ಹಿಂಬದಿಯಲ್ಲಿರುವ ಆಯಿಲ್ ಪ್ರೆಷರ್ ಸ್ವಿಚ್ ಜಾಗದಲ್ಲಿ ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿ, ಅಲ್ಲಿಂದ ಉಕ್ಕಿನ ಜಾಲರಿ ಹೊದಿಸಿದ ಹೋಸ್ ಒಂದನ್ನು ಈ ಫಿಟ್ಟಿಂಗ್‌ಗೆ ತರಬೇಕು. ಕೊರೆದ ಚೂರು ನಾಳದಲ್ಲಿ ಉಳಿದರೆ ನೇರ ರಾಕರ್ ಪಿನ್ನಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಹೆಡ್ ಪೂರ್ತಿ ಬಿಚ್ಚಿದ್ದಾಗಲೇ ಕೊರೆದು, ಎಲ್ಲಾ ನಾಳಗಳನ್ನು ಬ್ರಷ್ ಹಾಕಿ ತೊಳೆಯಿರಿ.

ಇಲ್ಲಿ ಅತಿ ಹೆಚ್ಚು ಜನ ಎಡವುವುದು ಥ್ರೆಡ್ಡಿನಲ್ಲಿ. ಪ್ರೆಷರ್ ಸ್ವಿಚ್ ಕೂರುವ ತೂತು 1/8 ಬಿಎಸ್‌ಪಿಟಿ, ಅಂದರೆ ಇಂಚಿಗೆ 28 ಸುತ್ತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಫಿಟ್ಟಿಂಗ್ 1/8 ಎನ್‌ಪಿಟಿ, ಇಂಚಿಗೆ 27 ಸುತ್ತು. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ. ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಸರಿಯಾಗಿ ಕೂತಿತು ಅಂದುಕೊಂಡು ಒತ್ತಿ ತಿರುಗಿಸಿದರೆ ಬ್ಲಾಕಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಸೋರಿಕೆ ನಿಲ್ಲಿಸುವುದೂ ಬೇಡ. ಅದರ ಎಳೆ ಹರಿದು ಸೊಲೆನಾಯ್ಡಿನ ಜಾಲರಿಗೆ ಅಂಟಿಕೊಳ್ಳುತ್ತದೆ. ದ್ರವ ಸೀಲಂಟ್ ಸಾಕು. ಟೀಗೆ ಭಾರದ ಗೇಜ್ ಸೆಂಡರ್ ನೇತುಹಾಕಿದರೆ ಎಂಜಿನ್ ಕಂಪನಕ್ಕೆ ಟೀಯ ಕತ್ತು ಬಿರಿಯುತ್ತದೆ. ಸೆಂಡರನ್ನು ಹೋಸ್ ಮೂಲಕ ಜೋಡಿಸಿ ಕಾರಿನ ಮೈಗೆ ಕಟ್ಟಿ.

ಹೆಡ್ಡನ್ನು ಬ್ಲಾಕಿನ ಮೇಲೆ ಸರಿಯಾದ ಜಾಗಕ್ಕೆ ಕೂರಿಸುವ ಡೋವೆಲ್ ಪಿನ್‌ಗಳ ಅಳತೆಯೂ ಬ್ಲಾಕಿಗೂ ಹೆಡ್ಡಿಗೂ ಕೂಡುವುದಿಲ್ಲ. ಈ ಜೋಡಿಗೆಂದೇ ಮಾಡಿದ ಡೋವೆಲ್, ಹೆಡ್ ಸ್ಟಡ್ ಸಿಗುತ್ತವೆ, ಅವನ್ನೇ ಹಾಕಿ. ಡೋವೆಲ್ ಬಿಟ್ಟು ಬರೀ ಸ್ಟಡ್ ನಂಬಿ ಕೂರಿಸುವುದು ತಪ್ಪು. ಗ್ಯಾಸ್ಕೆಟ್ ವಿಟೆಕ್ ಎಂಜಿನ್ನಿನದಿರಲಿ. ಬ್ಲಾಕ್ ಬಿ20ಬಿ ಆಗಿದ್ದರೆ ಬೋರ್ 84 ಮಿ.ಮೀ.; ಆಗ 81ರ ಗ್ಯಾಸ್ಕೆಟ್ಟಿನ ಅಂಚು ಸಿಲಿಂಡರಿನೊಳಕ್ಕೆ ಚಾಚಿ ಸುಟ್ಟುಹೋಗುತ್ತದೆ. ವಾಟರ್ ಪಂಪಿನ ಹಲ್ಲು ಮತ್ತು ಟೈಮಿಂಗ್ ಬೆಲ್ಟಿನ ಹಲ್ಲು ಎಣಿಸಿ ಹೊಂದಿಸಿಕೊಳ್ಳಿ. ಬ್ಲಾಕಿನವೋ ಹೆಡ್ಡಿನವೋ ಎಂದು ಅಂದಾಜಿನಲ್ಲಿ ತರಬೇಡಿ.

ಕಂಪ್ರೆಷನ್ ಅನುಪಾತಕ್ಕೆ ಬೇರೆಯವರು ಹೇಳಿದ ಸಂಖ್ಯೆ ನೆಚ್ಚಬಾರದು, ಅಳೆಯಬೇಕು. ಒಂದು ಸಿಲಿಂಡರಿನ ಸ್ಟ್ರೋಕ್ ಗಾತ್ರ 458.6 ಸಿಸಿ. 10:1 ಬೇಕಾದರೆ ಪಿಸ್ಟನ್ ತುದಿಗೇರಿ ನಿಂತಾಗ ಉಳಿಯುವ ಒಟ್ಟು ಜಾಗ ಸುಮಾರು 51 ಸಿಸಿ ಇರಬೇಕು, 11:1ಕ್ಕೆ ಸುಮಾರು 46. ಹೆಡ್ಡಿನ ಗುಳಿಯನ್ನು ಬ್ಯುರೆಟ್‌ನಲ್ಲಿ ದ್ರವ ತುಂಬಿಸಿ ಅಳೆಯಿರಿ. 82 ಮಿ.ಮೀ. ಬೋರಿನ, ಒತ್ತಿದಾಗ 0.7 ಮಿ.ಮೀ. ದಪ್ಪ ಉಳಿಯುವ ಗ್ಯಾಸ್ಕೆಟ್ 3.7 ಸಿಸಿ ಕೊಡುತ್ತದೆ. ಪಿಸ್ಟನ್ನಿನ ತಗ್ಗು ಇದ್ದರೆ ಕೂಡಿಸಿ, ಉಬ್ಬು ಇದ್ದರೆ ಕಳೆಯಿರಿ. ಬಳಿಕ ವಾಲ್ವ್ ಪಿಸ್ಟನ್ನಿಗೆ ಬಡಿಯದಷ್ಟು ಜಾಗ ಇದೆಯೇ ನೋಡಲು ಪಿಸ್ಟನ್ ಮೇಲೆ ಜೇಡಿಮಣ್ಣು ಅಂಟಿಸಿ, ಹೆಡ್ ಬಿಗಿದು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ. ಹೀಗೆ ನೋಡುವಾಗ ರಾಕರ್‌ಗಳನ್ನು ಬೆಸೆದಿಟ್ಟು ಎತ್ತರದ ಲೋಬ್ ಕೆಲಸ ಮಾಡುವಂತೆ ಇರಬೇಕು, ಇಲ್ಲವಾದರೆ ಅಳತೆಗೆ ಅರ್ಥವಿಲ್ಲ. ಜೇಡಿ ಕುಯ್ದು ನೋಡಿದಾಗ ಇನ್‌ಟೇಕ್ ಬದಿ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್ ಬದಿ 2.5 ಮಿ.ಮೀ. ಉಳಿದಿರಬೇಕು.

ಇನ್ನು ಆರ್‌ಪಿಎಂ. ಬಿ16ಎ ಹೆಡ್ 8,000 ದಾಟಿಯೂ ಉಸಿರಾಡುತ್ತದೆ ನಿಜ, ಆದರೆ ಆ ವೇಗ ತಾಳಬೇಕಾದ್ದು ಕೆಳಗಿನ ಭಾಗ. 89 ಮಿ.ಮೀ. ಸ್ಟ್ರೋಕಿನಲ್ಲಿ 8,000 ಆರ್‌ಪಿಎಂ ಎಂದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 23.7 ಮೀಟರ್. ಬಿ16ಎಯಲ್ಲಿ ಅದೇ ಆರ್‌ಪಿಎಂಗೆ ಬರೀ 20.6. ಬಿ18ಬಿ ಕನೆಕ್ಟಿಂಗ್ ರಾಡ್ 137 ಮಿ.ಮೀ., ಸ್ಟ್ರೋಕಿಗೆ ಹೋಲಿಸಿದರೆ ಗಿಡ್ಡ. ಪಿಸ್ಟನ್ ಸಿಲಿಂಡರ್ ಗೋಡೆಗೆ ಹೆಚ್ಚು ಒರಗುತ್ತದೆ. ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮುವ ಜೆಟ್ ಕೂಡ ಈ ಬ್ಲಾಕಿನಲ್ಲಿ ಇಲ್ಲ. ಕಂಪನಿಯ ರಾಡ್ ಉಳಿಸಿಕೊಂಡರೆ 7,200ಕ್ಕೆ ಮಿತಿ ಹಾಕುವುದೇ ಸರಿಯಾದ ನಿರ್ಧಾರ. ಆಗ ಪಿಸ್ಟನ್ ವೇಗ 21.4ಕ್ಕೆ ನಿಲ್ಲುತ್ತದೆ. ಆಗಲೂ ರಾಡ್ ಬೋಲ್ಟ್ ಬದಲಿಸಲೇಬೇಕು. ಗಟ್ಟಿ ಬೋಲ್ಟ್ ಬಿಗಿದಾಗ ರಾಡಿನ ದೊಡ್ಡ ಕಣ್ಣು ಸ್ವಲ್ಪ ಅಂಡಾಕಾರಕ್ಕೆ ಹೋಗುತ್ತದೆ, ಹಾಗಾಗಿ ಮತ್ತೆ ಹೋನ್ ಮಾಡಿಸಿ (ಒಳಮೈ ಉಜ್ಜಿಸಿ) ದುಂಡಗೆ ತರಬೇಕು. ಇದನ್ನು ಬಿಟ್ಟವರ ಬೇರಿಂಗ್ ಬೇಗ ಹೋಗುತ್ತದೆ, ದೂರು ಮಾತ್ರ ಬೋಲ್ಟ್ ಮೇಲೆ ಬರುತ್ತದೆ. ಪ್ಲಾಸ್ಟಿಗೇಜ್ (ಒತ್ತಿದಾಗ ಅಗಲವಾಗಿ ಸಡಿಲ ತೋರಿಸುವ ಎಳೆ) ಇಟ್ಟು ನೋಡಿದಾಗ ರಾಡ್ ಬೇರಿಂಗ್ ಸಡಿಲ 0.02ರಿಂದ 0.05 ಮಿ.ಮೀ. ಒಳಗಿರಲಿ.

ಗೇರ್‌ಬಾಕ್ಸ್ ಆರಿಸುವಾಗಲೂ ಇದೇ ಮಿತಿ ನೆನಪಿರಬೇಕು. ಸಾದಾ ಇಂಟೆಗ್ರಾ ಬಾಕ್ಸಿನ ಐದನೇ ಗೇರಿನ ಅನುಪಾತ 0.714, ಫೈನಲ್ (ಚಕ್ರಕ್ಕೆ ಹೋಗುವ ಕೊನೆಯ ಗೇರ್) 4.266. ಇಂಟೆಗ್ರಾದ ವಿಟೆಕ್ ಮಾದರಿ ಜಿಎಸ್‌ಆರ್ ಬಾಕ್ಸಿನದು 0.787 ಮತ್ತು 4.4. 195/55 ಆರ್15 ಟೈರಿನಲ್ಲಿ ಗಂಟೆಗೆ 100 ಕಿ.ಮೀ. ಓಡುವಾಗ ಮೊದಲನೆಯದರಲ್ಲಿ ಎಂಜಿನ್ ಸುಮಾರು 2,700 ಆರ್‌ಪಿಎಂ, ಎರಡನೆಯದರಲ್ಲಿ ಸುಮಾರು 3,100 ಸುತ್ತುತ್ತದೆ. ದಿನಬಳಕೆಯ ಸೆಡಾನ್‌ಗೆ ಮೊದಲನೆಯದೇ ಹಿತ. ಆದರೆ ಅದರಲ್ಲಿ 7,200ಕ್ಕೆ ಎರಡರಿಂದ ಮೂರಕ್ಕೆ ಹಾಕಿದರೆ ಆರ್‌ಪಿಎಂ 4,800ಕ್ಕೆ ಬೀಳುತ್ತದೆ, ಜಿಎಸ್‌ಆರ್ ಬಾಕ್ಸಿನಲ್ಲಿ 5,150ಕ್ಕೆ. ವಿಟೆಕ್ ಬದಲಾಗುವ ಜಾಗವನ್ನು 5,500ಕ್ಕೆ ಇಟ್ಟರೆ ಪ್ರತಿ ಸಲ ಗೇರ್ ಏರಿಸಿದಾಗಲೂ ಎಂಜಿನ್ ಸಣ್ಣ ಕ್ಯಾಮಿಗೆ ಜಾರಿ ಮಂಕಾಗುತ್ತದೆ. ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಒಮ್ಮೆ ಸಣ್ಣ ಲೋಬಿನಲ್ಲಿ, ಒಮ್ಮೆ ದೊಡ್ಡದರಲ್ಲಿ ಓಡಿಸಿ, ಎರಡು ಟಾರ್ಕ್ ಗೆರೆ ಎಲ್ಲಿ ದಾಟುತ್ತವೋ ಅಲ್ಲಿಗೇ ಹೊಂದಿಸಿ.

ಆಟೊಮ್ಯಾಟಿಕ್ ಕಾರನ್ನು ಮ್ಯಾನುಯಲ್ ಮಾಡಲು ಬೇಕಾದ ಸಾಮಾನಿನ ಪಟ್ಟಿ ದೊಡ್ಡದು: ಹೈಡ್ರಾಲಿಕ್ ಕ್ಲಚ್ಚಿನ ಗೇರ್‌ಬಾಕ್ಸ್, ಫ್ಲೈವೀಲ್, ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಪೆಡಲ್ ಸೆಟ್, ಕ್ಲಚ್ ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರ್, 1994ರ ನಂತರದ ಇಂಟೆಗ್ರಾದ ಗೇರ್ ಲಿಂಕೇಜ್, ಆ್ಯಕ್ಸಲ್, ನಡುವಿನ ಶಾಫ್ಟ್, ಗೇರ್‌ಬಾಕ್ಸ್ ಬದಿಯ ಮೌಂಟ್. ಆಟೊಮ್ಯಾಟಿಕ್‌ನ ತೆಳು ಪ್ಲೇಟ್ ಹಿಡಿದಿದ್ದ ಬೋಲ್ಟ್‌ಗಳನ್ನು ಫ್ಲೈವೀಲ್‌ಗೆ ಹಾಕಬೇಡಿ. ಫ್ಲೈವೀಲ್ ಬೋಲ್ಟ್‌ಗೆ 103 ನ್ಯೂಟನ್ ಮೀಟರ್ ಟಾರ್ಕ್ ಕೊಡಬೇಕು. ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಉದ್ದ ಇಟ್ಟರೆ ಪೆಡಲ್ ಬಿಟ್ಟಾಗಲೂ ದ್ರವ ಹಿಂದಕ್ಕೆ ಹೋಗುವ ರಂಧ್ರ ಮುಚ್ಚಿಯೇ ಇರುತ್ತದೆ. ಬಿಸಿಗೆ ದ್ರವ ಹಿಗ್ಗಿ ಕ್ಲಚ್ಚನ್ನು ತಾನೇ ಒತ್ತುತ್ತದೆ, ಹೊಸ ಪ್ಲೇಟ್ ಜಾರಿ ಸುಡುತ್ತದೆ. ಹಾಗಾಗಿ ಪೆಡಲ್ ತುದಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ರಿವರ್ಸ್ ಹಾಕುವಾಗ ಗರಗರ ಎಂದರೆ ಮೊದಲು ಸ್ಲೇವ್‌ನಲ್ಲಿ ಗಾಳಿ ಉಳಿದಿದೆಯೇ ನೋಡಿ.

ವೈರಿಂಗ್‌ನಲ್ಲಿ ಒಂದು ಅಪಾಯದ ಅಡ್ಡದಾರಿ ಇದೆ. ಆಟೊಮ್ಯಾಟಿಕ್‌ನಲ್ಲಿ ಸ್ಟಾರ್ಟರ್ ಕರೆಂಟ್ ಪಾರ್ಕ್, ನ್ಯೂಟ್ರಲ್ ಸ್ವಿಚ್ ಮೂಲಕ ಹಾಯುತ್ತದೆ. ಸ್ವಿಚ್ ಹೋದಮೇಲೆ ಆ ಎರಡು ವೈರ್ ಜೋಡಿಸಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ ನಿಜ, ಆದರೆ ಗೇರಿನಲ್ಲಿದ್ದಾಗ ಕೀ ತಿರುಗಿಸಿದರೆ ಕಾರು ಮುಂದಿದ್ದವರ ಮೇಲೆ ನುಗ್ಗುತ್ತದೆ. ಕ್ಲಚ್ ಪೆಡಲ್ ಸ್ವಿಚ್ ಮೂಲಕವೇ ಹಾಯಿಸಿ. ರಿವರ್ಸ್ ದೀಪದ ಎರಡು ವೈರ್ ಹೊಸ ಬಾಕ್ಸಿನ ಸ್ವಿಚ್ಚಿಗೆ ಬರಲಿ. ಪಿ28 ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹಾಕುವುದಾದರೆ ಅದು ಮೂಲತಃ 1.6 ಲೀಟರ್ ಸಿಂಗಲ್ ಕ್ಯಾಮ್ ಎಂಜಿನ್ನಿನದು, ಈ ಎಂಜಿನ್ನಿಗೆ ಮ್ಯಾಪ್ (ಇಂಧನ, ಸ್ಪಾರ್ಕಿನ ಲೆಕ್ಕ) ಬರೆಸದೆ ಓಡಿಸಬಾರದು. ದೋಷದ ಕೋಡ್ 21 ಬಂದರೆ ವಿಟೆಕ್ ಸೊಲೆನಾಯ್ಡ್, 22 ಬಂದರೆ ವಿಟೆಕ್ ಪ್ರೆಷರ್ ಸ್ವಿಚ್. 22 ಬಂದಾಗ ವೈರ್ ಹುಡುಕುವ ಮುನ್ನ ಆ ಹೊರಗಿನ ಹೋಸ್ ನೋಡಿ. ಎಂಜಿನ್ ನಂಬರ್ ಬ್ಲಾಕಿನ ಮೇಲಿರುವುದರಿಂದ ನೋಂದಣಿ ದಾಖಲೆಯಲ್ಲಿ ಬ್ಲಾಕಿನ ನಂಬರೇ ಸೇರಬೇಕು.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಂಧನ ನಿಲ್ಲಿಸಿ, ಗೇಜಿನಲ್ಲಿ ಒತ್ತಡ ಕಾಣುವವರೆಗೆ ಸ್ಟಾರ್ಟರಿನಿಂದ ಸುತ್ತಿಸಿ. ಪ್ರತಿ ಫಿಟ್ಟಿಂಗನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಕ್ಲಚ್ಚಿಗೆ ಮೊದಲ 500 ಕಿ.ಮೀ. ಮೆತ್ತಗಿನ ಓಟವೇ ಇರಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಕನಿಷ್ಠ 70, 3,000 ಆರ್‌ಪಿಎಂನಲ್ಲಿ ಕನಿಷ್ಠ 340 ಕಿಲೋಪಾಸ್ಕಲ್ ಆಯಿಲ್ ಒತ್ತಡ ಬರಬೇಕು. ಬರದಿದ್ದರೆ ಗಾಢ ಆಯಿಲ್ ಸುರಿದು ಸಮಾಧಾನ ಮಾಡಿಕೊಳ್ಳಬೇಡಿ. ಕಾರು ನಿಲ್ಲಿಸಿ, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ, ಬೇರಿಂಗ್ ಬಿಚ್ಚಿ ನೋಡಿ.

ಇತಿ,
ಎಂಜಿನ್ ಕೆಲಸ ಬಲ್ಲ ನಿಮ್ಮ ಓದುಗ