ದ್ರಾಕ್ಷಿ ಗುಡ್ಡದ ರೂಟು ಕೇಳಿದ್ಯಲ್ಲ, ತಗೋ

ಮಗಾ,

ನೀನು ಓಡೋ ರೂಟ್ ಕಳ್ಸು, ರೂಟ್ ಕಳ್ಸು ಅಂತ ಮೂರು ವಾರದಿಂದ ತಲೆ ತಿಂತಿದೀಯ. ವಾಟ್ಸಾಪ್‌ನಲ್ಲಿ ಒಂದು ಮ್ಯಾಪ್ ಹಾಕಿ ಸುಮ್ನಾಗ್ಬೋದಿತ್ತು, ಆದ್ರೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದಿರೋ ನಮ್ಮೋರು ನಾಲ್ಕೈದು ಜನ ಇದನ್ನೇ ಕೇಳ್ತಿದ್ರು, ಅದಕ್ಕೆ ಎಲ್ಲರಿಗೂ ಕಾಣೋ ಹಾಗೆ ಇಲ್ಲೇ ಬರೀತಿದೀನಿ. ನಮ್ಮಿಬ್ಬರ ಹದಿನೇಳನೇ ತಿರುವಿನ ಗುಟ್ಟು ಮಾತ್ರ ಇವರ್ಯಾರಿಗೂ ಹೇಳಲ್ಲ, ನಿನ್ನಾಣೆ.

ಎಸ್-ಬಾನ್ ಅನ್ನೋ ಲೋಕಲ್ ಟ್ರೈನ್ ಹತ್ತಿ ಉಂಟರ್‌ಟ್ಯೂರ್ಕ್‌ಹೈಮ್‌ನಲ್ಲಿ ಇಳ್ಕೋ. ಸ್ಟೇಷನ್ ಬೆನ್ನಿಗೆ ಬೆಂಜ್ ಫ್ಯಾಕ್ಟರಿ, ಎದುರಿಗೆ ಗುಡ್ಡ. ಊರು ದಾಟಿ ಹತ್ತು ನಿಮಿಷಕ್ಕೆ ದ್ರಾಕ್ಷಿ ಸಾಲು ಶುರು, ಟ್ರ್ಯಾಕ್ಟರ್ ಓಡಾಡೋಕೆ ಹಾಕಿರೋ ಕಾಂಕ್ರೀಟ್ ದಾರಿ, ಅದರಲ್ಲೇ ಏರ್ತಾ ಹೋಗ್ಬೇಕು. ರೋಟೆನ್‌ಬೆರ್ಗ್ ತುದಿ 411 ಮೀಟರ್ ಅಷ್ಟೇ, ನಮ್ಮ ನಂದಿಯ 1478ರ ಮುಂದೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಎರಡೂವರೆ ಕಿಲೋಮೀಟರಿನೊಳಗೆ ಹತ್ತತ್ರ ಇನ್ನೂರು ಮೀಟರ್ ಏರು, ಕೊನೇ ತಿರುವಲ್ಲಿ ಮೀನಖಂಡ ಹಿಡ್ಕೊಳ್ಳುತ್ತೆ, ನಿಧಾನಕ್ಕೆ ಹತ್ತು. ಮೇಲೆ ನಿಂತು ತಿರುಗಿ ನೋಡಿದ್ರೆ ಇಡೀ ನೆಕ್ಕಾರ್ ಕಣಿವೆ, ನದಿ, ಫ್ಯಾಕ್ಟರಿ, ಸ್ಟೇಡಿಯಂ ಎಲ್ಲ ಕಾಲ ಕೆಳಗೆ.

ತುದೀಲಿ ಒಂದು ಗುಂಡನೆ ಗುಮ್ಮಟದ ಕಟ್ಟಡ ಇದೆ, ಅದೊಂದು ಸಮಾಧಿ. ಮೊದಲು ಅಲ್ಲಿ ವ್ಯೂರ್ಟೆಂಬೆರ್ಗ್ ರಾಜಮನೆತನದ ಮೂಲ ಕೋಟೆ ಇತ್ತು, 1083ರಷ್ಟು ಹಳೇದು. ರಾಣಿ ಕಟರೀನಾ, ರಷ್ಯಾದ ರಾಜಕುಮಾರಿ, 1819ರ ಜನವರಿಯಲ್ಲಿ ಬರೀ ಮೂವತ್ತು ವರ್ಷಕ್ಕೆ ತೀರ್ಕೊಂಡಾಗ ಗಂಡ ವಿಲ್‌ಹೆಲ್ಮ್ ತನ್ನ ಪೂರ್ವಿಕರ ಕೋಟೇನೇ ಕೆಡವಿಸಿ, 1820ರಿಂದ 1824ರವರೆಗೆ ಅಲ್ಲಿ ಈ ಸಮಾಧಿ ಕಟ್ಟಿಸಿದ. ಬಾಗಿಲ ಮೇಲೆ ಬೈಬಲ್ ಸಾಲು, ಪ್ರೀತಿ ಎಂದಿಗೂ ಮುಗಿಯೋದಿಲ್ಲ ಅಂತ. ಅವಳು ತೀರ್ಕೊಂಡ ಮುಂದಿನ ವರ್ಷವೇ ಅವನು ಇನ್ನೊಂದು ಮದುವೆ ಆದ ಅನ್ನೋದೂ ನಿಜ, 1864ರಲ್ಲಿ ಸತ್ತಾಗ ಇವಳ ಪಕ್ಕಕ್ಕೇ ಬಂದು ಮಲಗಿದ ಅನ್ನೋದೂ ನಿಜ.

ನಂಗೆ ಆ ರಾಣಿ ಮೇಲೆ ಗೌರವ ಹುಟ್ಟಿದ್ದು ಬೇರೆ ಕಾರಣಕ್ಕೆ. 1815ರಲ್ಲಿ ಇಂಡೋನೇಷ್ಯಾದಲ್ಲಿ ತಂಬೋರಾ ಜ್ವಾಲಾಮುಖಿ ಸಿಡೀತು, ಅದರ ಬೂದಿ ಆಕಾಶಕ್ಕೆ ಅಡ್ಡ ಬಂದು 1816ರಲ್ಲಿ ಇಲ್ಲಿ ಬೇಸಿಗೇನೇ ಬರಲಿಲ್ಲ, ಬೆಳೆ ಹೋಯ್ತು, ಜನ ಹಸಿವಿಂದ ಸತ್ರು, ಎಷ್ಟೋ ಜನ ಊರು ಬಿಟ್ರು. ಆ ಹೊತ್ತಲ್ಲಿ ಅವಳು ಬಡವರಿಗೆ ನೆರವಿನ ಸಂಘ ಕಟ್ಟಿಸಿದಳು, ಉಳಿತಾಯ ಬ್ಯಾಂಕ್ ಮಾಡಿಸಿದಳು. 1818ರಲ್ಲಿ ಹೋಹೆನ್‌ಹೈಮ್‌ನಲ್ಲಿ ವ್ಯವಸಾಯದ ಶಾಲೆ ಶುರುವಾಯ್ತು, ಈಗ ಅದು ಯೂನಿವರ್ಸಿಟಿ. ಅದೇ ವರ್ಷ ಕಾನ್‌ಷ್ಟಾಟ್‌ನಲ್ಲಿ ರೈತರ ಹಬ್ಬ ಶುರುವಾಯ್ತು, ನೀನು ಬಂದಾಗ ನೋಡ್ಬೇಕು ಅಂತಿದ್ಯಲ್ಲ ಆ ಬಿಯರ್ ಜಾತ್ರೆ, ಅದೇ ಅದು. ಕುಡಿಯೋ ಜಾತ್ರೆ ಅಂತ ನಾವು ತಿಳ್ಕೊಂಡಿರೋದು ಹಸಿವಿನ ವರ್ಷಗಳಿಂದ ಹುಟ್ಟಿದ್ದು.

ಅಲ್ಲಿಂದ ಇಳಿದ್ರೆ ಉಲ್‌ಬಾಖ್. ಮೂರು ಕಡೆ ದ್ರಾಕ್ಷಿ ಗುಡ್ಡ, ಮಧ್ಯೆ ಬಟ್ಟಲಲ್ಲಿ ಇಟ್ಟಂಗೆ ಊರು. ಚರ್ಚು, ಅದರ ಎದುರಿಗೆ 1612ರ ಮರದ ಚೌಕಟ್ಟಿನ ಪಂಚಾಯ್ತಿ ಕಟ್ಟಡ, ಒಂದು ಫೌಂಟನ್. ಹಳೇ ದ್ರಾಕ್ಷಿ ಗಾಣದ ಮನೇಲಿ ವೈನ್ ಮ್ಯೂಸಿಯಂ ಇದೆ. ನೀರು ಕುಡಿದು ಮತ್ತೆ ಹತ್ತು, ರ್‍ಯೂಡೆರ್ನ್ ಕಡೆಯಿಂದ ಮೆಟ್ಟಿಂಗನ್ ಮೇಲಿನ ಕಡಿದಾದ ತೋಟಗಳ ಪಕ್ಕ ಓಡು. ಗಾರೆ ಹಾಕದೆ ಬರೀ ಕಲ್ಲು ಜೋಡಿಸಿ ಕಟ್ಟಿರೋ ಗೋಡೆಗಳು, ಅಂತಸ್ತು ಅಂತಸ್ತಾಗಿ. ಹಗಲಲ್ಲಿ ಬಿಸಿಲು ಕುಡಿದು ರಾತ್ರಿ ಬಿಡುತ್ತೆ ಆ ಕಲ್ಲು, ಸಂಜೆ ಆರೂವರೆಗೆ ಕೈ ಇಟ್ಟು ನೋಡು, ದೋಸೆ ಇಳಿಸಿದ ಮೇಲಿನ ಹೆಂಚಿನ ಹಾಗಿರುತ್ತೆ. ಟ್ರೋಲಿಂಗರ್ ಅಂತ ಇಲ್ಲಿಯ ಕೆಂಪು ದ್ರಾಕ್ಷಿಗೆ ಆ ಬಿಸಿ ಬೇಕು, ತಡವಾಗಿ ಹಣ್ಣಾಗೋ ಜಾತಿ. ಕೊನೆಗೆ ಎಸ್ಲಿಂಗನ್ ಕೋಟೆ, ಮುಚ್ಚಿದ ಮೆಟ್ಟಿಲ ದಾರಿ ಇಳಿದ್ರೆ ಹಳೇ ಊರು. ಒಟ್ಟು ಹನ್ನೆರಡು ಕಿಲೋಮೀಟರ್ ಆಸುಪಾಸು. ವಾಪಸ್ಸು ಟ್ರೈನಲ್ಲಿ.

ರೂಟ್ ಮುಗೀತು. ಇಲ್ಲಿಗೆ ನಿಲ್ಲಿಸ್ಬೇಕಿತ್ತು.

ಹೋದ ಫೆಬ್ರವರೀಲಿ ಮೆಟ್ಟಿಂಗನ್ ಮೇಲೆ ಓಡ್ತಿದ್ದೆ, ಒಬ್ಬ ವಯಸ್ಸಾದೋರು ದ್ರಾಕ್ಷಿ ಬಳ್ಳಿ ಕಟಿಂಗ್ ಮಾಡ್ತಿದ್ರು. ಒಂದು ಉದ್ದನೆ ಕಡ್ಡಿ ಉಳಿಸ್ಕೊಂಡು ಮಿಕ್ಕಿದ್ದೆಲ್ಲ ತೆಗೆದು, ಆ ಕಡ್ಡೀನ ಬಿಲ್ಲಿನ ಹಾಗೆ ಬಗ್ಗಿಸಿ ತಂತಿಗೆ ಕಟ್ಟೋದು. ಕಟ್ಟೋಕೆ ಪ್ಲಾಸ್ಟಿಕ್ ಅಲ್ಲ, ಹಸಿ ಗಿಡದ ಎಳೇ ಬರಲು. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕಂತೆಯಿಂದ ಒಂದು ಎಳೆದು, ಎರಡು ಸುತ್ತು ಸುತ್ತಿ, ಹೆಬ್ಬೆರಳಲ್ಲಿ ಒಂದು ತಿರುವು, ಅಷ್ಟೇ. ಬಗ್ಗಿಸುವಾಗ ಕಡ್ಡಿ ಲಟಕ್ ಅಂತ ಸಣ್ಣಗೆ ಸದ್ದು ಮಾಡುತ್ತಲ್ಲ, ಮುರಿಯೋದಕ್ಕೂ ಮುಂಚಿನ ಸದ್ದು, ಅದನ್ನ ಕೇಳಿ ಅವರು ಕೈ ನಿಲ್ಲಿಸ್ತಿದ್ರು. ನಮ್ಮಪ್ಪನೂ ಹಾಗೇ ನಿಲ್ಲಿಸ್ತಿದ್ದ. ನಿಂತ್ಕೊಂಡು ನೋಡ್ತಾ ಇದ್ದುಬಿಟ್ಟೆ.

ಮಾತಿಗೆ ಮಾತು ಬಂತು. ಎಲ್ಲಿಯೋನು ಅಂದ್ರು. ಬೆಂಗಳೂರ ಹತ್ರ, ನಮ್ಮಪ್ಪಂದೂ ದ್ರಾಕ್ಷಿ ತೋಟ ಇದೆ ಅಂದೆ. ಎಷ್ಟಿದೆ ಅಂದ್ರು. ಒಂದು ಎಕರೆ ಮೂವತ್ತು ಗುಂಟೆ ಅನ್ನೋದನ್ನ ಮನಸಲ್ಲೇ ಲೆಕ್ಕ ಹಾಕಿ ಇಲ್ಲಿಯ ಅಳತೇಲಿ ಎಪ್ಪತ್ತು ಆರ್ ಅಂದೆ. ಓ, ದೊಡ್ಡದೇ, ಅಂತ ಖುಷಿಯಾಗಿ ತಲೆ ಆಡಿಸಿದ್ರು. ಈಗ ಕಟಿಂಗ್ ಯಾರು ಮಾಡ್ತಾರೆ ಅಂತ ಕೇಳಿದ್ರು, ಅವರ ಮಗ ಕೆಳಗೆ ಫ್ಯಾಕ್ಟರೀಲಿದಾನಂತೆ, ಅದಕ್ಕೆ ಆ ಪ್ರಶ್ನೆ. ಅಪ್ಪನೇ ಮಾಡ್ತಾರೆ ಅಂದೆ.

ನಿಂಗೊತ್ತು, ತೋಟ ಇಲ್ಲ. "ಇತ್ತು" ಅನ್ನೋ ಪದ ಜರ್ಮನ್‌ನಲ್ಲಿ ನಂಗೆ ಬರುತ್ತೆ ಮಗಾ, ಬಾಯಿಗೆ ಬರಲಿಲ್ಲ.

ಇನ್ನೊಂದು ವಿಷಯ ನಿಂಗೂ ಹೇಳಿಲ್ಲ. ಅದಕ್ಕೂ ಎರಡು ವರ್ಷ ಮುಂಚೆ, ಇದೇ ದಾರೀಲಿ, ಉಲ್‌ಬಾಖ್ ದಾಟಿ ಓಡ್ತಿರುವಾಗ ಅಪ್ಪನ ಫೋನ್ ಬಂತು. ಕಿವೀಲಿ ಇಯರ್‌ಫೋನ್ ಇತ್ತು, ನಿಲ್ಲದೇ ಎತ್ತಿದೆ. ಬೋರು ಪೂರ್ತಿ ನಿಂತೋಯ್ತು, ಸಾವಿರದ ಇನ್ನೂರು ಅಡಿ ಹೋದ್ರೂ ಧೂಳೇ, ಏರ್‌ಪೋರ್ಟ್ ಕಡೆಯೋರು ಯಾರೋ ಪಾರ್ಟಿ ಬಂದವ್ರೆ, ಏನ್ಮಾಡಣ ಅಂದ್ರು. ನಿಮಗೆ ಹೆಂಗ್ ಸರಿ ಅನ್ಸುತ್ತೋ ಹಂಗ್ ಮಾಡಿ ಅಪ್ಪಾ ಅಂದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ, ಆಯ್ತು, ಓಡ್ತಿದೀಯ ಅನ್ಸುತ್ತೆ, ಹುಷಾರು ಮಗ ಅಂದು ಇಟ್ಟುಬಿಟ್ರು.

ಆ ಮುದುಕರ ಹತ್ರ ಸುಳ್ಳು ಹೇಳಿದ ದಿನ ರಾತ್ರಿ ಕೂತು ಆ ಹಳೇ ಓಟದ ರೆಕಾರ್ಡ್ ಹುಡುಕಿ ತೆಗೆದೆ. ಏಳನೇ ಕಿಲೋಮೀಟರ್ 5:52. ಫೋನ್ ಬಂದ ಎಂಟನೇದು 5:50. ಅಪ್ಪ ನಲವತ್ತು ವರ್ಷ ನಿಂತ ನೆಲದ ಬಗ್ಗೆ ಕೇಳ್ತಿದ್ದಾಗ ನಾನು ಎರಡು ಸೆಕೆಂಡ್ ಜೋರಾಗಿ ಓಡಿದೀನಿ. ಬೇಡ ಅನ್ನಲಿ ಅಂತಲೇ ಫೋನ್ ಮಾಡಿದ್ರೇನೋ. ನಾನು ಬೇಡ ಅಂದಿದ್ರೂ ನೀರು ಬರ್ತಿರಲಿಲ್ಲ, ಅದೂ ಗೊತ್ತು. ಆದ್ರೂ ಒಂದು ನಿಮಿಷ ನಿಂತು ಕೇಳಿಸ್ಕೋಬೇಕಿತ್ತು. ಇನ್ನೂ ನಿಜ ಹೇಳ್ಬೇಕು ಅಂದ್ರೆ ಅವತ್ತು ನಂಗೆ ಸಮಾಧಾನ ಆಯ್ತು ಕಣೋ. ಮೈಲುತುತ್ತ ಸುಣ್ಣ ಕಲಸಿ ಕಲಸಿ ಉಗುರೆಲ್ಲ ನೀಲಿ ಹಸಿರಾಗಿ ಸ್ಕೂಲಿಗೆ ಹೋಗ್ತಿದ್ದೆನಲ್ಲ, ಬೇಸಿಗೆ ರಜಾ ಪೂರ್ತಿ ಆ ಚಪ್ಪರದ ಕೆಳಗೇ ಕಳೀತಿದ್ನಲ್ಲ, ಇನ್ನು ಆ ತೋಟ ನನ್ನ ತಲೆಗೆ ಬರಲ್ಲ ಅಂತ ಸಮಾಧಾನ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು, ಬಂದಾಗ ಅಪ್ಪ ಪೇಪರ್ ಕಟಿಂಗ್ ಇಟ್ಕೊಂಡಿದ್ರು, ಅದನ್ನ ನಾನು ಪೂರ್ತಿ ಓದಿರಲೇ ಇಲ್ಲ.

ಒಂದ್ಸಲ ವಿಡಿಯೋ ಕಾಲ್‌ನಲ್ಲಿ ಈ ಗುಡ್ಡ ತೋರಿಸ್ದೆ. ರಾಣಿ, ಸಮಾಧಿ ಯಾವುದೂ ಅವರಿಗೆ ಬೇಕಾಗಿರಲಿಲ್ಲ. ಚಪ್ಪರ ಯಾಕಿಲ್ಲ ಅಂದ್ರು. ನೀರೆಲ್ಲಿಂದ ಅಂದ್ರು. ಬೋರ್ ಇಲ್ಲ, ಮಳೇಲೇ ಬೆಳೆಯುತ್ತೆ, ವರ್ಷಕ್ಕೆ ಒಂದೇ ಬೆಳೆ ಅಂದೆ. ಒಂದೇನಾ ಅಂತ ನಕ್ಕರು, ನಮ್ಮದು ಎರಡು ಕೊಡ್ತಿತ್ತಲ್ಲ ಅದಕ್ಕೆ. ಅವರು ಸಲೀಸಾಗಿ "ಇತ್ತು" ಅಂದ್ರು.

ಒಂದು ಕೆಲಸ ಮಾಡ್ತೀಯಾ? ಭಾನುವಾರ ನಂದಿಗೆ ಹೋಗುವಾಗ ನಮ್ಮೂರ ಗೇಟಲ್ಲಿ ಗಾಡಿ ತಿರುಗಿಸು. ಚಪ್ಪರದ ಕಲ್ಲುಕೂಚ ಇನ್ನೂ ನಿಂತಿವೆಯಾ ನೋಡು. ಸಣ್ಣೋನಿದ್ದಾಗ ಎಣಿಸಿದ್ದೆ, ಇನ್ನೂರ ಎಂಬತ್ನಾಲ್ಕು. ಫೋಟೋ ಬೇಡ. ಇವೆ ಅಥವಾ ಇಲ್ಲ, ಅಷ್ಟು ಹೇಳು ಸಾಕು. ಅಪ್ಪನ ಮನೆಗೆ ಹೋದ್ರೆ ಊಟ ಮಾಡದೆ ಬರ್ಬೇಡ, ಬೇಜಾರ್ ಮಾಡ್ಕೊಳ್ತಾರೆ.

ಸಾಕು ಬಿಡು, ರೂಟ್ ಕೇಳಿದೋನಿಗೆ ಏನೇನೋ ಬರೆದೆ. ಈಗ ಆಗಸ್ಟ್, ಕಾಯಿ ಬಣ್ಣ ತಿರುಗ್ತಿದೆ, ನೀನು ಬರೋ ಹೊತ್ತಿಗೆ ಅಕ್ಟೋಬರ್, ಕೊಯ್ಲು ಜೋರಿರುತ್ತೆ. ಮನೆ ಮುಂದೆ ಪೊರಕೆ ತೂಗುಹಾಕಿದ್ರೆ ಒಳಗೆ ತೋಟದೋರೇ ನಡೆಸೋ ಹೋಟ್ಲು ಇದೆ ಅಂತ ಅರ್ಥ, ಬೇಸನ್ ಅಂತಾರೆ, ಸೀಟು ಕಮ್ಮಿ, ವರ್ಷಕ್ಕೆ ಕೆಲವೇ ತಿಂಗಳು. ಹಿಡಿ ಇರೋ ಗ್ಲಾಸಲ್ಲಿ ಕಾಲು ಲೀಟರ್ ಟ್ರೋಲಿಂಗರ್ ಕೊಡ್ತಾರೆ, ಜೊತೆಗೆ ಬಿಸಿ ಈರುಳ್ಳಿ ಕೇಕು, ಅದರಲ್ಲಿ ಹಂದಿ ಮಾಂಸ ಹಾಕಿರ್ತಾರೆ, ನಿಂಗೆ ಬೇಡ ಅಂತ ನಾನೇ ಕೇಳ್ತೀನಿ. ಮೊಸರನ್ನ ನಾನು ಕಟ್ಕೊಂಡು ಬರ್ತೀನಿ, ಈ ಸಲ ಡಬ್ಬಿ ನನ್ನ ಬ್ಯಾಗಲ್ಲೇ ಇರುತ್ತೆ.

ಗ್ರಿಪ್ ಇರೋ ಶೂ ತಗೊಂಡು ಬಾ. ಎಸ್ಲಿಂಗನ್ ಮೆಟ್ಟಿಲು ಮಳೇಲಿ ಜಾರುತ್ತೆ.

ನಿನ್ನ
ಮಗಾ